ಹೊಂಗೆ ಮರದಡಿಯ ಜೋಡಿ ಬೋಟು

ಬಿ.ಎಸ್‌ಸಿ. ಪಾಸಾದ ವರ್ಷದಿಂದ ನಾನು ಹೋದ ಮನೆಯಲ್ಲೆಲ್ಲ ನನಗೊಂದು ಕುರ್ಚಿ ಹಾಕುವುದು ಶುರುವಾಯಿತು. ಅದಕ್ಕೆ ಮುಂಚೆ ನಾನೂ ಎಲ್ಲರ ಹಾಗೆ ಅಡುಗೆಮನೆಯಲ್ಲಿ ಒಲೆಯ ಮುಂದೆ ಸಾಲಾಗಿ ಕೂತು ಮುದ್ದೆ ನುಂಗುತ್ತಿದ್ದವನು. ಡಿಗ್ರಿ ಕೈಗೆ ಬಂದದ್ದೇ ತಡ, ನಡುಮನೆಯಲ್ಲಿ ಕುರ್ಚಿ, ಅದರ ಮುಂದೊಂದು ಸ್ಟೂಲು, ಸ್ಟೂಲಿನ ಮೇಲೆ ತೊಳೆದಿಟ್ಟ ಸ್ಟೀಲ್ ತಟ್ಟೆ. ಓದಿದವರು ಅಂತ ಮುದ್ದೆಯ ಬದಲು ಅನ್ನ. ನಾನೊಬ್ಬನೇ ಮೊದಲು ಉಣ್ಣಬೇಕು. ನಾನು ಕೈ ತೊಳೆದ ಮೇಲೆ ಅವರೆಲ್ಲ ಒಳಗೆ ಒಟ್ಟಿಗೆ ಕೂರುತ್ತಿದ್ದರು. ಅವರ ಮಾತು, ತಮಾಷೆ, ಸಾರು ಸುರಿದುಕೊಳ್ಳುವ ಸದ್ದು ಗೋಡೆಯಾಚೆಯಿಂದ ನನಗೆ ಕೇಳುತ್ತಿತ್ತು.

ಅದು ಮರ್ಯಾದೆ. ಬೇಡ ಅನ್ನುವಂತಿರಲಿಲ್ಲ. ಮೊದಮೊದಲು ಹಿಗ್ಗೇ ಆಗುತ್ತಿತ್ತು. ಗಾವಡಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ, ನಮ್ಮ ವಂಶದಲ್ಲಿ, ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟಿ, ಅದೇ ವಾಸನೆಯ ಶರಟು ತೊಟ್ಟುಕೊಂಡು ಹುಣಸೂರಿನ ಕಾಲೇಜಿನಲ್ಲಿ ಪ್ರಾಕ್ಟಿಕಲ್ಸ್‌ಗೆ ನಿಂತವನು ನಾನು. ನನ್ನ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡದ್ದು ಇನ್ನೂ ನೆನಪಿದೆ. ನನ್ನ ಅಕ್ಕ ಸ್ಕೂಲು ಬಿಟ್ಟು ಸೊಪ್ಪು ಕಟ್ಟಲು ಹೋದಳು, ನಾನು ಸ್ಕೂಲಿಗೆ ಹೋದೆ. ಆ ಡಿಗ್ರಿ ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಕುರ್ಚಿ ಬಂದರೆ ಬರಲಿ ಅಂದುಕೊಂಡೆ.

ಆಮೇಲೆ ಗೊತ್ತಾಯಿತು, ಆ ಕುರ್ಚಿಯಿಂದ ಇಳಿಯುವುದಕ್ಕೆ ದಾರಿಯೇ ಇಲ್ಲ ಅಂತ.

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಹಂಪಾಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಸಂಬಳ ಬಂದ ತಿಂಗಳು ಬಂತು, ಇಲ್ಲದ ತಿಂಗಳು ಇಲ್ಲ. ಅಕ್ಕಿ ಮಿಲ್ಲಿನ ಹಿಂದೆ ಒಂದು ಬಾಡಿಗೆ ರೂಮು. ಸಂಜೆ ಮಿಲ್ಲಿನ ಬೆಲ್ಟು ನಿಂತ ಮೇಲೆ ನನ್ನ ಸ್ಟೌವಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಮದುವೆಯ ಮಾತು ಬಂದು ಬಂದು ಹೋಗುತ್ತಿತ್ತು. ಓದಿದ ಹೆಣ್ಣಿನ ಕಡೆಯವರಿಗೆ ಸರ್ಕಾರಿ ನೌಕರಿ ಬೇಕು. ಓದದ ಹೆಣ್ಣಿನ ಕಡೆಯವರು ನನ್ನ ಓದಿಗೇ ಹೆದರುವರು. ಭಾನುವಾರ ಬಂದರೆ ಬಸ್ಸು ಹತ್ತಿ ತಾಲ್ಲೂಕು ಊರಾದ ಕೋಟೆಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅಂತರಸಂತೆ ಕಡೆಗೆ ಹೋಗುತ್ತಿದ್ದೆ. ಕಬಿನಿ ಹಿನ್ನೀರಿನ ದಡದಲ್ಲಿ ಅಕ್ಕನ ಮನೆ. ಅಲ್ಲಿಯೂ ಕುರ್ಚಿ. ಭಾವ ನನ್ನನ್ನು ಕಂಡರೆ ಬೀಡಿ ಕೆಳಗೆ ಹಾಕಿ ಎದ್ದು ನಿಲ್ಲುತ್ತಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು. "ಬನ್ನಿ ಮೇಷ್ಟ್ರೇ, ಬನ್ನಿ" ಅನ್ನುವರು. ಅಲ್ಲಿಗೆ ನಮ್ಮ ಮಾತು ಮುಗಿಯುತ್ತಿತ್ತು.

ಆ ಬೇಸಿಗೆಯ ಶುರುವಿನಲ್ಲಿ ಒಂದು ಭಾನುವಾರ ಭಾವ ತಾವಾಗಿಯೇ ನನ್ನನ್ನು ದಡಕ್ಕೆ ಕರೆದುಕೊಂಡು ಹೋದರು. ಹೊಂಗೆ ಮರದ ಕೆಳಗೆ ಎರಡು ಸ್ಪೀಡ್ ಬೋಟುಗಳಿದ್ದವು. ಮೈಸೂರಿನವರೊಬ್ಬರು ಪ್ರವಾಸಿಗರನ್ನು ಹಿನ್ನೀರಿನಲ್ಲಿ ಸುತ್ತಿಸುವುದಕ್ಕೆಂದು ತಂದು, ಸ್ವಲ್ಪ ಕಾಲ ಓಡಿಸಿ, ಕೈಬಿಟ್ಟು ಹೋಗಿದ್ದರು. ಫೈಬರ್ ಮೈ, ಹೊಟ್ಟೆಯೊಳಗೆ ಡೀಸೆಲ್ ಎಂಜಿನ್ನು. ಒಂದಕ್ಕೆ ನೀಲಿ ಪಟ್ಟಿ, ಇನ್ನೊಂದಕ್ಕೆ ಕೆಂಪು. ಬಿಸಿಲಿಗೆ ಎರಡೂ ಒಂದೇ ಬಣ್ಣಕ್ಕೆ ತಿರುಗಿದ್ದವು. ಒಳಗೆ ಕೊಳೆತ ಹೊಂಗೆ ಎಲೆ, ಹಳೇ ಮಳೆನೀರು. ಕಾಯಲು ಬಿಟ್ಟಿದ್ದ ವಾಚ್‌ಮನ್ ಆ ಊರಿನವನೇ, ಮುದುಕ. ಸಂಬಳ ನಿಂತು ಎಷ್ಟೋ ಕಾಲವಾಗಿದ್ದರೂ ದಿನಾ ಬರುತ್ತಿದ್ದ, ಬೋಟಿನ ಕೊಂಡಿಗೆ ಮೇಕೆಗಳನ್ನು ಕಟ್ಟುತ್ತಿದ್ದ. ಸಾಹೇಬರು ಬಂದಷ್ಟಕ್ಕೆ ಕೊಟ್ಟುಬಿಡು ಅಂದಿದ್ದಾರೆ ಎಂದ.

"ಸಂತೆ ದಿನ ಆ ದಡದೋರು ಬರಕ್ಕೆ ತೆಪ್ಪನೇ ಗತಿ," ಎಂದರು ಭಾವ. "ಮಧ್ಯಾಹ್ನ ಗಾಳಿ ಎದ್ರೆ ತೆಪ್ಪದೋನು ಮಲ್ಗ್‌ಬುಡ್ತಾನೆ. ಬಸ್ಸಲ್ಲಿ ಸುತ್ತಾಕ್ಕೊಂಡ್ ಬರಕ್ಕೆ ಒಂದು ದಿನ. ಇವೆರಡು ಓಡುದ್ರೆ ಎಂಗಿರ್ತದೆ, ಯೋಳಿ."

"ಎರಡು ಯಾಕೆ ಭಾವ? ಒಂದು ಸಾಲದೇ?"

"ಜೋಡಿ ಒಡೀಬಾರ್ದು ಕಣ್ರೀ ಮೇಷ್ಟ್ರೇ. ಒಟ್ಟಿಗೆ ಉತ್ತಿರೋ ಎತ್ತು ಇದ್ದಂಗೆ. ಒಂದ್ನೇ ಹೊಡ್ಕೊಂಡೋದ್ರೆ ಮೇವು ಬುಡ್ತದೆ."

"ಮೇವಲ್ಲ, ಡೀಸೆಲ್ ಬುಡ್ತದೆ," ಎಂದ ವಾಚ್‌ಮನ್, ಮೇಕೆ ಕಡೆ ನೋಡುತ್ತ.

ಭಾವ ನಗಲಿಲ್ಲ. ಅವರು ಎತ್ತಿನ ವ್ಯಾಪಾರಕ್ಕೆ ಹೋದವರ ಹಾಗೆಯೇ ಬೋಟಿನ ಸುತ್ತ ಬಂದರು. ಪಕ್ಕೆಯ ಮೇಲೆ ಅಂಗೈಯಲ್ಲಿ ಹೊಡೆದರು, ಬೆನ್ನ ಮೇಲೆ ಕೈಯಾಡಿಸಿದರು, ಬಗ್ಗಿ ಹಿಂದಿನ ಫ್ಯಾನಿನ ರೆಕ್ಕೆ ತಿರುಗಿಸಿ ನೋಡಿದರು. ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ, ಭಾವನ ವಾರಿಗೆಯವನು, ನಿಂತುಕೊಂಡ.

"ಬಾಯ್ ಬುಡ್ಸಿ ಅಲ್ಲು ನೋಡಿದ್ಯೇನ್ಲಾ?"

"ನೋಡ್ದೆ. ಎಲ್ಲಾ ಅಲ್ಲೂ ಬಂದು ವಯಸ್ಸಾಗದೆ. ಆದ್ರೂ ಬೆನ್ನು ಗಟ್ಟಿ ಅದೆ ಕಣ್ಲಾ."

"ಮೈಮೇಲಿನ ಸುಳಿ ನೋಡ್ಕ. ಆಮೇಲೆ ಮನೆ ಮುರೀತು ಅನ್ಬ್ಯಾಡ."

"ಸುಳಿ ಇರದು ನೀರಲ್ಲಿ. ನೀನು ನಿನ್ ಎಮ್ಮೆ ಹೊಡ್ಕೊಂಡು ನಡೀಲಾ."

ನಾನು ನಕ್ಕೆ. ಭಾವ ನನ್ನ ಕಡೆ ತಿರುಗಿ, ಮೇಷ್ಟ್ರೂ ನಗುತ್ತಾರಲ್ಲ ಅನ್ನುವಂತೆ ನೋಡಿ, ತಾವೂ ನಕ್ಕರು. ಅಕ್ಕನ ಮದುವೆಯಾದಾಗಿನಿಂದ ನಾವಿಬ್ಬರೂ ಒಂದೇ ಮಾತಿಗೆ ನಕ್ಕದ್ದು ಅದೇ ಮೊದಲು.

ನಾನು ಅಂದೇ ಹೂಂ ಅನ್ನಲಿಲ್ಲ. ಬೋಟಿಗೆ ಹಾಕಬೇಕಾದ ಹಣ ನಾನು ಅಷ್ಟಿಷ್ಟು ಕೂಡಿಟ್ಟದ್ದು. ಹೂಂ ಅನ್ನುವುದೂ ಬೇಡ ಅನ್ನುವುದೂ ನನ್ನ ಕೈಯಲ್ಲಿತ್ತು. ನೋಡೋಣ, ಎಂಜಿನ್ನಿನ ಸ್ಥಿತಿ ತಿಳಿಯಲಿ, ಮೈ ಹೇಗಿದೆ ಗೊತ್ತಾಗಲಿ, ನೀರಾವರಿಯವರನ್ನೂ ಫಾರೆಸ್ಟಿನವರನ್ನೂ ಕೇಳಬೇಕು ಎಂದೆ. "ಅದೆಲ್ಲ ಆಮೇಕಿನ ಮಾತು. ಮೊದ್ಲು ನಮ್ದು ನಾವು ನೋಡವ," ಎಂದರು ಭಾವ. ಹಾಗೆ ಪ್ರತಿ ಭಾನುವಾರ ಬೋಟು ನೋಡುವುದು ನಮ್ಮ ಕೆಲಸವಾಯಿತು.

ಎರಡನೆಯ ಭಾನುವಾರ ಒಳಗಿನ ನೀರು ಮೊಗೆದು ಚೆಲ್ಲಿ, ಕೊಳೆತ ಎಲೆ ಎಳೆದು ಹಾಕಿದೆವು. ನಾನು ಪ್ಯಾಂಟು ಬಿಚ್ಚಿಟ್ಟು ಭಾವನ ಹಳೇ ಲುಂಗಿ ಉಟ್ಟಿದ್ದೆ. ಎಂಜಿನ್ನಿನ ಮೇಲಿನ ಮುಚ್ಚಳದ ನಟ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಭಾವ ಒಳಗೆ ತಲೆ ಹಾಕಿ ಒದ್ದಾಡುತ್ತ ಕೈ ಹಿಂದಕ್ಕೆ ಚಾಚಿ, "ಲೇ, ಆ ದೊಡ್ಡ ಸ್ಪ್ಯಾನರ್ ಕೊಡ್ಲಾ," ಎಂದರು. ಕೊಟ್ಟೆ. "ಇದಲ್ಲ ಕಣೋ, ಬಾಮೈದ, ಕಣ್ ಕಾಣಕಿಲ್ವಾ?" ಎಂದರು. ಇನ್ನೊಂದು ಕೊಟ್ಟೆ. ಮೇಷ್ಟ್ರು ಹೋಗಿ ನಾನು ಲೇ ಆದದ್ದು ಅವರಿಗೆ ಗೊತ್ತಾಗಲೇ ಇಲ್ಲ. ನಾನೂ ಗೊತ್ತು ಮಾಡಲು ಹೋಗಲಿಲ್ಲ. ಮಧ್ಯಾಹ್ನ ಅಕ್ಕ ಪಾತ್ರೆಯಲ್ಲಿ ಮುದ್ದೆ, ಮೀನಿನ ಸಾರು ಹೊತ್ತುಕೊಂಡು ಬಂದಳು. ದಡದಲ್ಲಿ ಕುರ್ಚಿ ಎಲ್ಲಿಂದ ಬರಬೇಕು? ತೇಗದ ಎಲೆ ಕಿತ್ತು, ನೀಲಿ ಬೋಟಿನೊಳಗೆ ನಾನು, ಭಾವ, ವಾಚ್‌ಮನ್ ಮೂವರೂ ಮಂಡಿಗೆ ಮಂಡಿ ತಗುಲಿಸಿ ಕೂತು ಉಂಡೆವು. ಅಕ್ಕ ಬೋಟಿನ ಅಂಚಿನ ಮೇಲೆ ಕೂತು ಮುದ್ದೆ ಮುರಿದು ಹಾಕುತ್ತ, "ಇನ್ನೊಸಿ ಉಣ್ಣು ಮಗ," ಎಂದಳು. ಎಣ್ಣೆ ಜಿಡ್ಡಿನ ಕೈಯಲ್ಲಿ ಮುದ್ದೆ ಕಪ್ಪಾಗಿತ್ತು. ಆಮೇಲೆ ಎಂದೂ ಅಷ್ಟು ಉಂಡ ನೆನಪಿಲ್ಲ.

"ಬೋಟು ಓಡುದ್ ದಿನ ಮೊದ್ಲು ನಾನೇ ಕೂತ್ಕಳದು," ಎಂದಳು ಅಕ್ಕ. "ನನ್ ತಮ್ಮನ್ ಬೋಟು."

"ನಿಂಗೆ ಈಜು ಬತ್ತದಾ?" ಎಂದರು ಭಾವ.

"ಈಜು ಬರೋರು ಬೋಟು ಯಾಕ್ ಹತ್ತಾರು?"

ಅದರ ಮುಂದಿನ ವಾರ ಭಾವ ಕೊಟ್ಟಿಗೆಯ ಪಕ್ಕದ ನೆಲದಲ್ಲಿ ಕೋಲಿನಿಂದ ಗೀಟು ಎಳೆದು ತೋರಿಸಿದರು. ಅಲ್ಲಿ ನನಗೊಂದು ರೂಮು ಕಟ್ಟುವುದು. ಕಿಟಕಿ ನೀರಿನ ಕಡೆಗೆ. ಪುಸ್ತಕಕ್ಕೆ ಗೋಡೆಯಲ್ಲೊಂದು ಗೂಡು. "ನೀನು ಆ ಮಿಲ್ಲಿನ ಹಿಂದ್ಗಡೆ ತೌಡಿನ ಧೂಳು ಕುಡ್ಕೊಂಡು ಯಾಕಿರ್ಬೇಕು? ಸ್ಕೂಲು ಬುಡು. ಒಂದು ಬೋಟು ನಿಂದು, ಒಂದು ನಂದು. ಉಣ್ಣಾಕೆ ಅಕ್ಕ ಅವ್ಳೆ."

ಹಂಪಾಪುರಕ್ಕೆ ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಆ ಗೀಟನ್ನೇ ನೋಡುತ್ತಿದ್ದೆ. ಬೋಟು ಕೊಂಡರೆ ಆ ಮನೆಯಲ್ಲಿ ನಾನು ಬಂದು ಹೋಗುವ ಮೇಷ್ಟ್ರಲ್ಲ, ಮನೆಯವನು. ನನಗೆ ಬೇಕಾಗಿದ್ದುದು ಅದು. ಬೋಟಿನ ಬಗ್ಗೆ ನನಗೆ ಅಂಥ ಆಸೆ ಏನೂ ಇರಲಿಲ್ಲ. ವಾರವಿಡೀ ಬೋಟಿನ ಯೋಚನೆಯೇ ಆದರೂ ಕಣ್ಣ ಮುಂದೆ ಬರುತ್ತಿದ್ದುದು ತೇಗದ ಎಲೆ, ಮಂಡಿಗೆ ತಗುಲುವ ಮಂಡಿ. ಒಂಬತ್ತನೇ ಕ್ಲಾಸಿಗೆ ತೇಲುವ ವಸ್ತುಗಳ ಪಾಠ ಮಾಡುವಾಗ ಬೋರ್ಡಿನ ಮೇಲೆ ಎರಡು ಬೋಟು ಬರೆದೆ. ಒಂದು ಸಾಕಿತ್ತು.

ನೀಲಿ ಬೋಟಿನ ಎಂಜಿನ್ನು ಚಾಲೂ ಮಾಡಿ ನೋಡುವ ಭಾನುವಾರ ಬಂತು. ಅಷ್ಟು ಹೊತ್ತಿಗೆ ಹಿನ್ನೀರು ಇಳಿದು ಇಳಿದು ದೂರ ಹೋಗಿತ್ತು. ಪ್ರತಿ ವಾರವೂ ನೀರು ಹಿಂದಕ್ಕೆ ಸರಿಯುತ್ತ, ಬೋಟುಗಳು ಇನ್ನಷ್ಟು ಒಣನೆಲದ ಮಧ್ಯೆ ಉಳಿದಂತೆ ಕಾಣುತ್ತಿದ್ದವು. ಅವುಗಳನ್ನು ನೀರಿನ ತನಕ ಎಳೆಯುವ ಮಾತೇ ಇರಲಿಲ್ಲ. ಊರಿನ ಒಂದು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದರು. ಡೀಸೆಲ್ ತುಂಬಿಸಿ, ಪೈಪಿನೊಳಗಿನ ಗಾಳಿ ತೆಗೆದಾಯಿತು. ಈ ಎಂಜಿನ್ನು ಹಿನ್ನೀರನ್ನೇ ಪೈಪಿನಲ್ಲಿ ಹೀರಿಕೊಂಡು ಮೈ ತಣ್ಣಗೆ ಮಾಡಿಕೊಳ್ಳುತ್ತಿತ್ತು, ಸಾಹೇಬರ ಡ್ರೈವರ್ ಹಾಗೆ ಹೇಳುತ್ತಿದ್ದ ಎಂದು ವಾಚ್‌ಮನ್ ತಿಳಿಸಿದ.

"ಅಷ್ಟೇ ತಾನೆ," ಎಂದರು ಭಾವ. "ಪಂಪ್‌ಸೆಟ್ ಇದ್ದಂಗೆ."

ನಮ್ಮ ಕಡೆ ಪಂಪ್‌ಸೆಟ್ ನೀರು ಹಿಡಿಯದಿದ್ದರೆ ಏನು ಮಾಡುತ್ತಾರೆ ಅನ್ನುವುದು ಹಸುಗೂಸಿಗೂ ಗೊತ್ತು. ಸಗಣಿ ಕದಡಿದ ನೀರನ್ನು ಪೈಪಿಗೆ ಹುಯ್ಯುವುದು. ಸಂದಿಗೊಂದಿಯಲ್ಲಿ ಸಗಣಿ ಕೂತು ಗಾಳಿ ಸೋರುವುದು ನಿಲ್ಲುತ್ತದೆ, ಪಂಪು ನೀರೆತ್ತುತ್ತದೆ. ನಾನೂ ಚಿಕ್ಕಂದಿನಲ್ಲಿ ಎಷ್ಟೋ ಸಲ ಕದಡಿಕೊಟ್ಟಿದ್ದೇನೆ. ಅವತ್ತು ನಮಗೆ ಯಾರಿಗೂ ಅನುಮಾನವೇ ಬರಲಿಲ್ಲ. ಎಮ್ಮೆಯವನೇ ಬಿಸಿ ಸಗಣಿ ತಂದ. ನಾನು ಬಕೆಟ್ಟಿನಲ್ಲಿ ಕೈಯಿಂದ ಕದಡಿದೆ, ಭಾವ ಪೈಪಿನ ಬಾಯಿ ಬಿಚ್ಚಿ ಸುರಿದರು. ಇನ್ನೂ ಎರಡು ಬಕೆಟ್ಟು ಇರಲಿ ಅಂತ ಪಕ್ಕದಲ್ಲಿಟ್ಟುಕೊಂಡು ಪೈಪನ್ನು ಅದರಲ್ಲೇ ಮುಳುಗಿಸಿದೆವು.

ಎಂಜಿನ್ನು ಎರಡು ಸಲ ಮುಲುಕಿತು. ಮೂರನೆಯ ಸಲಕ್ಕೆ ಹಿಡಿಯಿತು. ಒಂದು ಕರೀ ಹೊಗೆ ಎದ್ದು ಹೊಂಗೆ ಮರದೊಳಗೆ ಹೋಯಿತು, ಮೇಕೆಗಳು ಹಗ್ಗ ಕಿತ್ತುಕೊಂಡವು. ಏನಾಗುತ್ತಿದೆ ನೋಡೋಣ ಅಂತ ನಾನು ಹಿಂದೆ ನೀರು ಹೊರಬೀಳುವ ತೂತಿನ ಹತ್ತಿರ ಬಗ್ಗಿದೆ. ಅದು ಒಮ್ಮೆ ಕೆಮ್ಮಿ, ಒಳಗಿದ್ದ ಹಸಿರು ಸಗಣಿ ನೀರನ್ನೆಲ್ಲ ನನ್ನ ಮುಖಕ್ಕೆ ಉಗಿಯಿತು.

ಭಾವ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು. ಎಮ್ಮೆಯವನು, "ಮೇಷ್ಟ್ರುಗೆ ಸಾರುಸ್‌ಬುಡ್ತು ಕಣ್ಲಾ, ಅಬ್ಬಕ್ಕೆ ಮನೆ ಸಾರುಸ್ದಂಗೆ," ಎಂದ. ಎಂಜಿನ್ನು ಓಡುತ್ತಲೇ ಇತ್ತು. ನಾನೂ ಕಣ್ಣು ಬಿಡಲಾಗದೆ ನಿಂತು ನಗುತ್ತ, ಅವರ ನಗುವನ್ನೂ ಆ ಸದ್ದನ್ನೂ ಕೇಳುತ್ತಿದ್ದೆ. ಯಾರೋ ಹೆಗಲ ಮೇಲಿನ ಟವೆಲ್ಲಿನಿಂದ ನನ್ನ ಮುಖ ಒರೆಸಿದರು. ಕಣ್ಣು ಬಿಟ್ಟರೆ ಭಾವ. "ಬುಡು, ಬೆಳ್ಳಗಾದೆ," ಎಂದರು.

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಎಂಜಿನ್ನಿನ ಪಕ್ಕದಿಂದ ಆವಿ ಏಳುತ್ತಿತ್ತು. ಭಾವ ಓಡಿಹೋಗಿ ನಿಲ್ಲಿಸಿದರು.

ಪಂಪ್‌ಸೆಟ್ಟಿನ ದಾರಿ ದೊಡ್ಡದು, ಸಗಣಿ ಬಂದರೂ ಹೋಗುತ್ತದೆ. ಇದರಲ್ಲಿ ನೀರು ಹೋಗುವ ಕೊಳವೆಗಳು ಕಡ್ಡಿಯಷ್ಟು ಸಣ್ಣವು. ಎಲ್ಲದರಲ್ಲೂ ಎಮ್ಮೆ ಸಗಣಿಯ ನಾರು ಸೇರಿಕೊಂಡಿತ್ತು. ವಾಚ್‌ಮನ್ ಬೇಜಾರು ಮಾಡಿಕೊಳ್ಳಲಿಲ್ಲ. "ಸತ್ತಿದ್ದು ಎದ್ದು ಒಂದ್ ಮಾತಾಡಿ ಮತ್ತೆ ಸತ್ತದೆ. ಅದ್ಕೇನು," ಎಂದ. ಭಾವನಿಗಂತೂ ಹುರುಪು ಇನ್ನೂ ಏರಿತ್ತು. ಎಂಜಿನ್ನು ಬದುಕಿದೆ ಎಂಬುದನ್ನು ಊರೇ ಕೇಳಿತ್ತಲ್ಲ. ಬಿಚ್ಚಿ ತೊಳೆದರಾಯಿತು ಎಂದರು.

ತೊಳೆಯುವುದಕ್ಕೆಂದು ಮುಂದಿನ ವಾರ ಬಿಚ್ಚಿದಾಗ ನಾನು ಎಂಜಿನ್ನಿನ ಕೆಳಕ್ಕೆ ಮೊದಲ ಸಲ ಕೈ ಹಾಕಿದೆ. ಎಂಜಿನ್ನನ್ನು ಬಿಗಿದಿದ್ದುದು ಎರಡು ಮರದ ತೊಲೆಗಳ ಮೇಲೆ. ಮೇಲೆ ಫೈಬರ್ ಹೊದಿಸಿದ್ದರಿಂದ ಮರ ಕಾಣುತ್ತಿರಲಿಲ್ಲ. ಫೈಬರ್ ಬಿರಿದ ಕಡೆ ಸ್ಕ್ರೂಡ್ರೈವರ್ ಇಟ್ಟು ಸುಮ್ಮನೆ ಒತ್ತಿದೆ. ಬೆಂದ ಗೆಣಸಿಗೆ ಹೋದ ಹಾಗೆ ಹಿಡಿಯವರೆಗೂ ಹೋಯಿತು. ಈಚೆಗೆ ಎಳೆದರೆ ಕಪ್ಪು ನೀರು ಬಂತು. ಇನ್ನೊಂದು ಕಡೆ ಚುಚ್ಚಿದೆ, ಅಲ್ಲೂ ಹಾಗೇ. ಎದ್ದು ಕೆಂಪು ಪಟ್ಟಿಯ ಬೋಟಿಗೆ ಹೋದೆ. ಅದು ಇನ್ನೂ ಹೆಚ್ಚು ಮೆತ್ತಗಿತ್ತು.

ಭಾವ ನೋಡಿದರು. "ತೆಪ್ಪಕ್ಕೆ ಬಳ್ದಂಗೆ ದಪ್ಪಗೆ ಡಾಂಬರು ಬಳ್ದ್ರೆ ಆಯ್ತದೆ," ಎಂದರು.

ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ತೆಪ್ಪದಲ್ಲಿ ಎಂಜಿನ್ನು ಇರುವುದಿಲ್ಲ. ಇಲ್ಲಿ ಅಷ್ಟು ಭಾರದ ಕಬ್ಬಿಣ ಕೊಳೆತ ಮರದ ಮೇಲೆ ಕೂತು ಕುಣಿಯಬೇಕು. ನೀರಿನ ನಡುಮಧ್ಯೆ ಅದು ಕಿತ್ತುಕೊಂಡು ತಳ ಒಡೆದರೆ ಸಂತೆಗೆ ಹೊರಟ ಹೆಂಗಸರು, ರಾಗಿ ಮೂಟೆ, ಕೋಳಿ ಎಲ್ಲ ನೀರಿಗೆ. ಮೊದಲನೆಯ ದಿನ ಮೊದಲು ಕೂರುವವಳು ಅಕ್ಕ. ಆ ಮರ ಬದಲಿಸಬೇಕಾದರೆ ಇಡೀ ತಳ ಸೀಳಿ ಹೊಸದಾಗಿ ಕಟ್ಟಬೇಕು. ಅಂಥ ಕೆಲಸದವರು ಕೇರಳದ ಸಮುದ್ರದ ಕಡೆ ಇದ್ದಾರಂತೆ, ನಮ್ಮಲ್ಲಿಲ್ಲ.

ಹಂಪಾಪುರಕ್ಕೆ ಬಂದು ವಾರವಿಡೀ ಬೇರೆ ದಾರಿ ಹುಡುಕಿದೆ. ಕೋಟೆಯಲ್ಲಿ ಬಡಗಿಯನ್ನು ಕೇಳಿದೆ, ಮೈಸೂರಿಗೆ ಹೋಗಿ ಫೈಬರ್ ಕೆಲಸದವರನ್ನು ಕೇಳಿದೆ. ನೀರಿನ ತೊಟ್ಟಿಯಾದರೆ ಮಾಡುತ್ತೇವೆ, ಬೋಟು ನಮಗೆ ಗೊತ್ತಿಲ್ಲ ಎಂದರು. ಯಾರಾದರೂ ಆಗುತ್ತದೆ ಅಂದಿದ್ದರೆ ಆ ಕ್ಷಣವೇ ಹಣ ಕೊಟ್ಟುಬಿಡುತ್ತಿದ್ದೆನೋ ಏನೋ.

ಮುಂದಿನ ಭಾನುವಾರ ಭಾವ ಡಾಂಬರಿನ ಡಬ್ಬ ತಂದಿಟ್ಟುಕೊಂಡು ನನಗಾಗಿ ಕಾಯುತ್ತಿದ್ದರು. ನೀಲಿ ಬೋಟಿನೊಳಗೆ ನಾವು ಉಂಡಿದ್ದ ಜಾಗದಲ್ಲೇ ಕೂತು ಹೇಳಿದೆ.

"ಭಾವ, ಬೇಡ."

"ಯಾವ್ದು ಬ್ಯಾಡ? ಕೆಂಪಿಂದಾ?"

"ಎರಡೂ."

ನಾನು ಮರದ ಬಗ್ಗೆ ಹೇಳಿದೆ, ಎಂಜಿನ್ನಿನ ತೂಕದ ಬಗ್ಗೆ ಹೇಳಿದೆ, ಅಕ್ಕನಿಗೆ ಈಜು ಬಾರದ್ದನ್ನು ಹೇಳಿದೆ. ಕ್ಲಾಸಿನಲ್ಲಿ ಹೇಳುವ ಹಾಗೆ ಒಂದಾದ ಮೇಲೊಂದು ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿಯೇ ನನಗೆ ದೂರದಿಂದ ಕೇಳಿದಂತಾಯಿತು. ಭಾವ ಬೀಡಿ ಹಚ್ಚಿದ್ದರು. ನಾನು ಮಾತು ಮುಗಿಸಿದಾಗ ಅದನ್ನು ಬೋಟಿನ ಅಂಚಿಗೆ ಒತ್ತಿ ಆರಿಸಿ, ಎದ್ದು ನಿಂತರು.

"ಓದಿರೋರು ನೀವು. ನೀವು ಬ್ಯಾಡ ಅಂದ್ಮೇಲೆ ಮುಗೀತು ಬುಡಿ ಮೇಷ್ಟ್ರೇ."

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಿದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು. ಡಾಂಬರಿನ ಡಬ್ಬ ಎತ್ತಿಕೊಳ್ಳಲು ನಾನು ಕೈ ಹಾಕಿದರೆ, "ನೀವು ಮುಟ್ಬ್ಯಾಡಿ, ಬಟ್ಟೆಗಾಯ್ತದೆ," ಎಂದು ತಾವೇ ಎತ್ತಿಕೊಂಡರು. ಮನೆಗೆ ಹೋಗುವಾಗ ನನ್ನನ್ನು ಮುಂದೆ ಬಿಟ್ಟು ಹಿಂದೆ ಬಂದರು.

ಮನೆಯಲ್ಲಿ ಅಕ್ಕ ನಮ್ಮಿಬ್ಬರ ಮುಖ ನೋಡಿದಳು. ಒಲೆಯ ಕಡೆ ತಿರುಗಿದಳು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಭಾವ ಕುರ್ಚಿ ತಂದು ಹಾಕಿದರು. ಹೆಗಲ ಮೇಲಿನ ಟವೆಲ್ಲಿನಿಂದ ಧೂಳು ಒರೆಸಿದರು. ಅದೇ ಟವೆಲ್ಲು.

ಆ ಮಳೆಗಾಲಕ್ಕೆ ಮುಂಚೆ ಯಾರೋ ಬಂದು ಎಂಜಿನ್ನುಗಳನ್ನು ಬಿಚ್ಚಿಕೊಂಡು ಹೋದರು. ಉಳಿದ ಮೈಗಳಲ್ಲಿ ನೀಲಿಯದನ್ನು ವಾಚ್‌ಮನ್ ಭಾವನಿಗೆ ಸುಮ್ಮನೆ ಕೊಟ್ಟ. ಎತ್ತಿನಲ್ಲಿ ಎಳೆಸಿಕೊಂಡು ಬಂದು, ಕೊಟ್ಟಿಗೆಯ ಪಕ್ಕ, ಗೀಟು ಎಳೆದಿದ್ದ ಜಾಗದಲ್ಲಿ ಮಗುಚಿ ಹಾಕಿ, ಅದರ ಕೆಳಗೆ ಸೌದೆ ಒಟ್ಟಿದರು. ಮಳೆಗೆ ನೆನೆಯುವುದಿಲ್ಲ ಎಂದು ಅಕ್ಕನಿಗೆ ಸಮಾಧಾನ. ಜೋಡಿ ಒಡೆಯಿತು. ಕೆಂಪನೆಯದು ಅಲ್ಲೇ ಉಳಿದು, ನೀರು ಏರಿದಾಗ ಎಲ್ಲಿಗೋ ಹೋಯಿತು.

ನಾನು ಹೇಳಿದ್ದು ಸರಿ. ಈಗ ಹೇಳು ಅಂದರೂ ಅದನ್ನೇ ಹೇಳುತ್ತೇನೆ. ಅದನ್ನು ಹೇಳಬಲ್ಲವನಾಗಲಿ ಅಂತಲೇ ಅಕ್ಕ ಸೊಪ್ಪು ಕಟ್ಟಿ ನನ್ನನ್ನು ಓದಿಸಿದಳು. ಮಾರನೆಯ ವರ್ಷ ಕೆ.ಆರ್. ನಗರದ ಕಡೆ ಒಂದು ಸ್ಕೂಲಿನಲ್ಲಿ ಕಾಯಂ ಕೆಲಸ ಸಿಕ್ಕಿತು. ಅಲ್ಲಿಂದ ಅಕ್ಕನ ಮನೆ ದೂರ. ಪ್ರತಿ ಭಾನುವಾರದ ಬದಲು ಹಬ್ಬಕ್ಕೆ ಹೋಗುವವನಾದೆ.

ಒಂದು ಗೌರಿ ಹಬ್ಬಕ್ಕೆ ಹೋಗಿದ್ದೆ. ಎಂದಿನಂತೆ ನಡುಮನೆ, ಸ್ಟೂಲು, ಅನ್ನ. ಉಂಡು ಕೈ ತೊಳೆದು, ಒರೆಸಿಕೊಳ್ಳಲು ಕೊಟ್ಟ ಟವೆಲ್ಲು ಹಿಡಿದು ಮತ್ತೆ ಕುರ್ಚಿಯಲ್ಲಿ ಬಂದು ಕೂತೆ. ಒಳಗೆ ಅವರು ಉಣ್ಣಲು ಕೂತರು. ಭಾವನ ತಂಗಿಯ ಮನೆಯವರು ಬಂದಿದ್ದರು, ಅವರ ಮಕ್ಕಳೂ. ಸೌದೆಯ ಮೇಲೆ ಬೋಟು ಯಾಕೆ ಮಗುಚಿದೆ ಅಂತ ಯಾವುದೋ ಮಗು ಕೇಳಿತು.

"ಅದಾ?" ಎಂದರು ಭಾವ. ತಟ್ಟೆಗಳ ಸದ್ದು ನಿಂತಿತು. "ನಾವು ಅದ್ನ ಓಡುಸ್ದೋ ಕಣೋ. ನಾನೂ, ನನ್ ಬಾಮೈದನೂ. ಅವ್ನು ಬಕೀಟಲ್ಲಿ ಸಗಣಿ ಕದಡಿ ಕದಡಿ ಕೊಡ್ತಾವ್ನೆ, ನಾನು ಉಯ್ತಾ ಇವ್ನಿ. ಎಂಜಿನ್ನು ಗಡಗಡ ಅಂತು. ಇವ್ನು, ಏನ್ಲಾ ಅದು ಅಂತ ಬಗ್ಗಿ ನೋಡವ್ನೆ, ಸರ‍್ರನೆ ಮೂತಿಗೆ…"

ಒಳಗೆಲ್ಲ ನಗು. ಅಕ್ಕನ ನಗು ಎಲ್ಲಕ್ಕಿಂತ ಮೇಲೆ. "ಆಮೇಲೆ?" ಎಂದಿತು ಮಗು.

"ಆಮೇಲೇನು? ಬುಡ್ಲಾ ಬೆಳ್ಳಗಾದೆ ಅಂತ ನಾನೇ ಒರೆಸ್ದೆ. ಅವತ್ತು ಅವ್ನು ನಗೋದ್ ನೋಡ್ಬೇಕಾಗಿತ್ತು."

ನಾನು ಕುರ್ಚಿಯಲ್ಲಿ ಅಲ್ಲಾಡದೆ ಕೂತು, ಮುಂದೆ ಏನು ಹೇಳುತ್ತಾರೋ ಅಂತ ಕಿವಿಗೊಟ್ಟಿದ್ದೆ. ಅವರು ಎಂಜಿನ್ನಿನ ಸದ್ದನ್ನು ಇನ್ನೊಂದು ಸಲ ಬಾಯಲ್ಲಿ ಮಾಡಿ ತೋರಿಸಿದರು. ಮೇಕೆಗಳು ಓಡಿದ್ದನ್ನು ಹೇಳಿದರು. ಮರ ಕೊಳೆತದ್ದನ್ನು ಹೇಳಲಿಲ್ಲ, ನಾನು ಬೇಡ ಅಂದದ್ದನ್ನೂ ಹೇಳಲಿಲ್ಲ. ಅವರ ಕಥೆಯಲ್ಲಿ ಬೋಟು ಇನ್ನೂ ಗಡಗಡ ಅನ್ನುತ್ತಲೇ ಇತ್ತು. ನನಗೂ ನಗು ಬಂತು. ಒಳಗಿನವರಿಗೆ ಕೇಳಿಸಿದರೆ ಮಾತು ನಿಲ್ಲಿಸಿಬಿಟ್ಟಾರು ಅಂತ, ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕೆ.